ನಡುಮನೆಯ ಸಮುದ್ರ

ನಮ್ಮ ಮನೆಗೊಂದು ಕೆಟ್ಟ ಚಾಳಿ ಇದೆ. ಎಲ್ಲರೂ ಅಳಬೇಕಾದ ಹೊತ್ತಿಗೆ ಸರಿಯಾಗಿ ಏನಾದರೊಂದು ಎಡವಟ್ಟಾಗಿ ನಗು ಬಂದುಬಿಡುತ್ತದೆ. ಕಳೆದ ವರ್ಷ ನಮ್ಮತ್ತೆ ಹಾಸಿಗೆ ಹಿಡಿದಾಗಲಂತೂ ಯಾವುದಕ್ಕೆ ಅಳೋದು, ಯಾವುದಕ್ಕೆ ನಗೋದು ಅಂತಲೇ ತಿಳಿಯದೆ ಹೋಯಿತು.

ಮೈಸೂರಿನ ಆಸ್ಪತ್ರೆಯವರು "ಮನೆಗೆ ಕರ್ಕೊಂಡೋಗಿ, ತಿನ್ನಕ್ಕೆ ಏನ್ ಕೇಳ್ತಾರೋ ಕೊಡಿ" ಅಂದರು. ಈ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ನಮ್ಮನೆಯವರು ಕಾರು ಓಡಿಸುತ್ತಾ ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಹಿಂದೆ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದ ಅತ್ತೆ, ಪಾಂಡವಪುರ ಬಂದ ತಕ್ಷಣ ಎದ್ದು ಕೂತರು. "ಡಾಕ್ಟ್ರು ಏಳಿದ್ದು ಕೇಳಿಸ್ಲಿಲ್ವೇನ್ಲಾ? ಗಾಡಿ ನಿಲ್ಸು. ಮೆಣಸಿನ್ಕಾಯ್ ಬೋಂಡ ಕೊಡ್ಸು."

ಅತ್ತೆಗೆ ಎರಡು ಆಸೆ ಉಳಿದಿದ್ದವು. ಬಾಯಿಬಿಟ್ಟು ಹೇಳುತ್ತಿದ್ದದ್ದು ಒಂದೇ, ಸಮುದ್ರ ನೋಡಬೇಕು ಅಂತ. ಇನ್ನೊಂದು ಹೇಳದಿದ್ದರೂ ನಮಗೆ ಗೊತ್ತಿತ್ತು. ಕೆ.ಆರ್. ಪೇಟೆಯಲ್ಲಿರುವ ತಂಗಿ, ನಮ್ಮ ಚಿಕ್ಕತ್ತೆ. ಹನ್ನೊಂದು ವರ್ಷದ ಹಿಂದೆ ಪೇಟೆಯಿಂದ ಉಡುಪಿಗೆ ಯಾತ್ರೆ ಬಸ್ಸು ಹೊರಟಿತ್ತು. ನಮ್ಮೂರು ದೇವಲಾಪುರದಿಂದ ಹೊರಟ ಅತ್ತೆ ಹತ್ತು ನಿಮಿಷ ತಡವಾಗಿ ತಲುಪುವ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನ ಸೀಟಲ್ಲೇ ಕೂತಿದ್ದ ಚಿಕ್ಕತ್ತೆ ಡ್ರೈವರಿಗೆ ನಿಲ್ಲಿಸು ಅನ್ನಲಿಲ್ಲವಂತೆ. ಅವತ್ತಿಂದ ಮಾತಿಲ್ಲ. ಚಿಕ್ಕತ್ತೆ ನಮ್ಮನೆ ಗೃಹಪ್ರವೇಶಕ್ಕೂ ಬರಲಿಲ್ಲ. ಫೋನ್ ಮಾಡ್ಲಾ ಅಂತ ನಾನು ಕೇಳಿದರೆ ಅತ್ತೆ ಗೋಡೆ ಕಡೆ ತಿರುಗಿ, "ನಾನ್ ಸತ್ರೆ ಬತ್ತಾಳೆ ಬುಡಮ್ಮಿ" ಅನ್ನೋರು.

ಬಣ್ಣ

ಸಮುದ್ರಕ್ಕೆ ಅತ್ತೆಯನ್ನು ಕರೆದೊಯ್ಯುವ ಹಾಗಿರಲಿಲ್ಲ. ಕಾಲೇಜಿಗೆ ಹೋಗೋ ನನ್ನ ಮಗಳು ಫೋನ್ ಹಿಡಿದು ಬಂದಳು. "ಅಮ್ಮ, ಇದು ಕೋಸ್ಟಲ್ ಸ್ಟೈಲು. ಬಿಳಿ ಗೋಡೆ, ಒಂದು ಗೋಡೆ ಮಾತ್ರ ನೀಲಿ, ಬೆತ್ತದ ಕುರ್ಚಿ, ತೆಳ್ಳನೆ ಕರ್ಟನ್ನು. ಅಜ್ಜಿ ಸಮುದ್ರದ ದಡದಲ್ಲಿ ಮಲಗಿದಂಗಿರುತ್ತೆ." ಅತ್ತೆಯ ಮಂಚ ಇದ್ದದ್ದು ನಡುಮನೆಯಲ್ಲಿ, ನನ್ನ ಹೊಲಿಗೆ ಮೆಷಿನ್ ಪಕ್ಕ. ಕರ್ಟನ್ನು, ಸೋಫಾ ಕವರು ನಾನೇ ಹೊಲಿಯುತ್ತೇನೆ ಅಂದೆ. ಕೈಗೆ ಏನಾದರೂ ಕೆಲಸ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಸಿಕ್ಕ ಪೇಂಟರು ಅಂಗನವಾಡಿ, ಹಾಲಿನ ಡೈರಿ, ಟ್ರಾಕ್ಟರ್ ಟ್ರೈಲರಿಗೆ ಬಣ್ಣ ಹೊಡೆದವನು. ಮೊದಲು ಅವನು ಕೇಳಿದ್ದೇ "ಅಕ್ಕ, ಕೆಳಗಡೆ ಅಆಇಈ ಬರೀಬೇಕಾ?" ಅಂತ. ಬೇಡಪ್ಪ ಅಂದೆ. ಡಬ್ಬದಲ್ಲಿ ನೀಲಿ ಕಲಸಿದ, ನೋಡಿದ, ಇನ್ನಷ್ಟು ಬಿಳಿ ಸುರಿದ, ತಲೆ ಕೆರೆದುಕೊಂಡ. ಕೊನೆಗೆ ಮಂಚದ ಹತ್ತಿರ ಬಂದು ಬಗ್ಗಿದ.

"ಅಜ್ಜಿ, ಸಮುದ್ರ ಯಾವ್ ಬಣ್ಣ ಇರ್ತದೆ?"

ಅತ್ತೆ ಒಂದು ಕಣ್ಣು ತೆರೆದರು. "ನಾನ್ ನೋಡಿದ್ರೆ ನಿನ್ನ ಯಾಕ್ಲಾ ಕರುಸ್ತಿದ್ದೆ?"

ಮರಳು

ಗಾಜಿನ ಬಾಟಲಿಯಲ್ಲಿ ಒಂದಿಷ್ಟು ಮರಳು ತುಂಬಿ, ಮೇಲೆ ನಾಲ್ಕು ಚಿಪ್ಪು ಇಟ್ಟರೆ ಚೆಂದ ಅಂದಳು ಮಗಳು. ಚಿಪ್ಪು ಅವಳೇ ತರಿಸಿಕೊಂಡಳು. ಮರಳಿನ ಕೆಲಸ ಅವರಪ್ಪನಿಗೆ ಒಪ್ಪಿಸಿದೆವು. ನಮ್ಮನೆಯವರಿಗೆ ಆಗ ಬುದ್ಧಿ ನೆಟ್ಟಗಿರಲಿಲ್ಲ ಪಾಪ. ಅವ್ವನಿಗೆ ಅಂತ ಯಾರು ಏನು ಹೇಳಿದರೂ ಹಿಂದೆ ಮುಂದೆ ನೋಡದೆ ಓಡೋರು. ಸಾಯಂಕಾಲ ಬಾಗಿಲ ಮುಂದೆ ಅರ್ಧ ಟ್ರಾಕ್ಟರ್ ಮರಳು ಸುರಿಸಿದ್ದರು.

"ಬಾಟ್ಲಿಗೆ ಕಣ್ರೀ!" ಅಂತ ಬಡಕೊಂಡೆ.

"ಬಾಟ್ಲಿ ಲೆಕ್ಕದಲ್ಲಿ ಯಾವನ್ ಕೊಡ್ತಾನೆ?" ಅಂದರು.

ಹಾದಿಯಲ್ಲಿ ಹೋಗೋರೆಲ್ಲ ನಿಂತು "ಮಹಡಿ ಮನೆ ಕಟ್ತೀರಾ?" ಅಂತ ಕೇಳೋರೇ. ಎದುರು ಮನೆಯ ಯಜಮಾನರು ಮಾತ್ರ ನಮ್ಮನೆ ಕಿಟಕಿ ಪಕ್ಕಕ್ಕೆ ನಮ್ಮನೆಯವರನ್ನ ಕರೆದು ದನಿ ತಗ್ಗಿಸಿದರು. "ಒಳ್ಳೇ ಕೆಲ್ಸ ಮಾಡ್ದೆ ಬುಡ್ಲಾ. ಆಮೇಲೆ ಸಿಗಲ್ಲ. ಸಮಾಧಿ ಒಲದಲ್ಲೇ ತಾನೆ?"

ಅತ್ತೆಯ ಮಂಚ ಇದ್ದದ್ದು ಅದೇ ಕಿಟಕಿಯ ಕೆಳಗೆ. ಒಳಗಿಂದ ದನಿ ಬಂತು. "ಅಷ್ಟೊಂದ್ ಮರಳು ಯಾಕ್ಲಾ? ನಾನೇನ್ ಅಷ್ಟುದ್ದ ಇದ್ದೀನಾ?"

ಬಿಳಿ ಬಟ್ಟೆ

ಕೊನೆಯ ಕೋಟಿಂಗ್ ದಿನ ಬೆಳಿಗ್ಗೆಯೇ ಸಾಮಾನೆಲ್ಲ ಹೊರಗೆ ಹಾಕಿದೆವು. ನಾನು ಹೊಲಿದ ಬಿಳಿ ಕವರು ಸೋಫಾಗೆ ತೊಡಿಸಿ ಅಳತೆ ನೋಡಿದ್ದೆ, ಹಾಗೇ ಬೀದಿಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದೆವು. ಬಣ್ಣದ ವಾಸನೆಗೆ ಕೆಮ್ಮು ಬರುತ್ತದೆ ಅಂತ ಅತ್ತೆಯನ್ನು ಜಗಲಿ ಮೇಲೆ ಮಲಗಿಸಿ, ನೊಣದ ಕಾಟಕ್ಕೆ ಕತ್ತಿನವರೆಗೂ ಬಿಳಿ ದುಪ್ಪಟಿ ಹೊದಿಸಿದ್ದೆ. ಎಲ್ಲಾ ನಾನೇ ಮಾಡಿದ್ದು. ದೂರದಿಂದ ಹೇಗೆ ಕಾಣುತ್ತದೆ ಅಂತ ಒಂದು ಸಲ ನೋಡಿದ್ದರೆ ನನಗೇ ತಿಳಿಯುತ್ತಿತ್ತು.

ಡೈರಿಗೆ ಹಾಲು ಹಾಕೋ ಹೊತ್ತು. ಕ್ಯಾನು ಹಿಡಿದು ಬಂದ ಪಕ್ಕದ ಮನೆಯಾಕೆ ಅಲ್ಲೇ ನಿಂತಳು. ಕ್ಯಾನು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದು ಅತ್ತೆಯ ಕಾಲ ಬಳಿ ಕುಸಿದಳು. "ಅಯ್ಯೋ ನಮ್ಮವ್ವಾ! ಎಂಥಾ ಒಳ್ಳೇಳು ಓಗ್ಬುಟ್ಯಲ್ಲವ್ವಾ! ಒಂದ್ ದಿನ ಜಗಳ ಅಂತ ಆಡ್ದೋರಲ್ವಲ್ಲಾ ನಾವು!"

ನಾನು ಒಳಗಿಂದ ಬರುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟಿದ್ದರು. "ಸುಳ್ ಯಾಕಮ್ಮಿ ಏಳ್ತೀಯ? ಓದ್ವಾರ ಬೇಲಿ ಇಚಾರಕ್ಕೆ ನನ್ನ ಏನಂದೆ ಏಳು?"

ಅವಳು ಚೀರಿದ ದನಿಗೆ ಬೀದಿಯೆಲ್ಲ ಬಂತು. ಅಷ್ಟರಲ್ಲಿ ಅವಳ ಮೊದಲ ಅಳು ಕೇಳಿದ ಗಂಡ ಡೈರಿಯಲ್ಲಿ ನಿಂತೇ ಕೆ.ಆರ್. ಪೇಟೆಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿ ಆಗಿತ್ತು. ನಮ್ಮನೆಯವರು ಗಾಬರಿಯಾಗಿ, ಸುಳ್ಳು ಅಂತ ಹೇಳಲು ಚಿಕ್ಕತ್ತೆಯ ನಂಬರ್ ಒತ್ತಿದರು. ನಾನು ಫೋನ್ ಕಿತ್ತುಕೊಂಡೆ.

"ಬರ್ಲಿ ಬುಡಿ" ಅಂದೆ. ಪಾಪವೋ ಪುಣ್ಯವೋ ನನಗೆ ಗೊತ್ತಿಲ್ಲ. ಬದುಕಿದ್ದಾಗ ಬರದೋರು ಸತ್ತಾಗ ಬಂದರೆ ಅತ್ತೆಗೆ ಏನು ಲಾಭ ಅಂತ ಹೊಟ್ಟೆ ಉರಿಯುತ್ತಿತ್ತು.

ಸೀರೆ

ನಮ್ಮ ಕಡೆ ಹೆಣ್ಣು ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಅತ್ತೆಗೆ ತವರು ಅಂತ ಉಳಿದಿದ್ದದ್ದು ಆ ತಂಗಿ ಒಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಆಟೋದಿಂದ ಇಳಿದ ಚಿಕ್ಕತ್ತೆ ಬೀದಿ ತುದಿಯಿಂದಲೇ "ಅಕ್ಕಾ" ಅಂತ ಎದೆ ಬಡಿದುಕೊಂಡು ಬಂದರು. ಅಷ್ಟರಲ್ಲಿ ಬಣ್ಣ ಒಣಗಿತ್ತು, ಅತ್ತೆಯನ್ನು ಒಳಗೆ, ನೀಲಿ ಗೋಡೆಯ ಎದುರಿಗೆ ಮಲಗಿಸಿದ್ದೆವು. ಹೊಸಿಲು ದಾಟಿದ ಚಿಕ್ಕತ್ತೆ ಅಕ್ಕನ ಕಣ್ಣು ತನ್ನನ್ನೇ ನೋಡುತ್ತಿರುವುದು ಕಂಡು ಕಂಬದ ಹಾಗೆ ನಿಂತರು.

"ನೀ ಸತ್ತಿಲ್ವೇನೇ?"

"ಇನ್ನೂ ಇಲ್ಲ ಕಣೆ. ಇವತ್ತೂ ಹತ್ತು ನಿಮ್ಸ ಕಾಯಕ್ಕಾಗಲ್ವಾ ನಿಂಗೆ?"

ಚಿಕ್ಕತ್ತೆ ಅಲ್ಲೇ ನೆಲಕ್ಕೆ ಕೂತು ಅತ್ತರು. ಅತ್ತೆಯೂ ಅತ್ತರು. ನಾನೂ ಮೆಷಿನ್ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಎಷ್ಟೋ ಹೊತ್ತಾದ ಮೇಲೆ ಚಿಕ್ಕತ್ತೆ ಮೂಗೊರೆಸಿಕೊಂಡು ಗೋಡೆ ನೋಡಿದರು. "ಸಮುದ್ರ ಇಂಗಿರಲ್ಲ ಕಣಕ್ಕ. ಅವತ್ತು ನಾನೂ ಸರ್ಯಾಗಿ ನೋಡ್ಲಿಲ್ಲ. ನೀ ಬರ್ಲಿಲ್ಲ ಅಂತ ಬಸ್ಸಲ್ಲೇ ಕೂತಿದ್ದೆ" ಅಂದರು. ಅತ್ತೆ ತಂಗಿಯ ಕೈ ಹಿಡಿದುಕೊಂಡರು.

ಆಮೇಲೆ ತಂಗಿಯ ಕಂಕುಳಲ್ಲಿದ್ದ ಕವರಿನ ಮೇಲೆ ಅತ್ತೆಯ ಕಣ್ಣು ಬಿತ್ತು. "ಅದೇನ್ ತಂದಿದ್ದೀಯ, ತೋರ್ಸು." ಚಿಕ್ಕತ್ತೆ ನಾಚಿಕೊಂಡೇ ಸೀರೆ ಬಿಚ್ಚಿದರು. "ಬೂದಿ ಬಣ್ಣ ತಂದಿದ್ದೀಯಲ್ಲೇ! ನಮ್ಮಲ್ಲಿ ಊಳೋದು ಕಣೆ, ಸುಡಲ್ಲ. ಬದ್ಲಾಯಿಸ್ಕೊಂಡ್ ಬಾ."

ನಾಲ್ಕು ದಿನ ಬಿಟ್ಟು ಚಿಕ್ಕತ್ತೆ ಹಸಿರು ಸೀರೆ ತಂದರು. ಅಂಚು ಸಣ್ಣ ಆಯಿತು ಅಂದರು ಅತ್ತೆ. ಮತ್ತೊಂದು ವಾರಕ್ಕೆ ಕೆಂಪಂಚಿನದು ಬಂತು. ಅಷ್ಟು ಹೊತ್ತಿಗೆ ಅತ್ತೆಗೆ ಮಾತು ನಿಂತಿತ್ತು. ಸೀರೆಯ ಮೇಲೆ ಕೈಯಾಡಿಸಿದರು, ಬೇಡ ಅನ್ನಲಿಲ್ಲ. ಚಿಕ್ಕತ್ತೆ ಅವತ್ತು ವಾಪಸ್ಸು ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಆ ಸೀರೆಯನ್ನು ಅವರೇ ಹೊದಿಸಿದರು.

ಹನ್ನೊಂದನೇ ದಿನದ ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ, ಖಾಲಿ ಮಂಚದ ಪಕ್ಕ ಕೂತು ಚಿಕ್ಕತ್ತೆ ಅಂಗಡಿಯ ಕತೆ ಹೇಳಿದರು. ಮೊದಲ ಸೀರೆ ತರುವಾಗ "ನಮ್ಮಕ್ಕ ಓಗ್ಬುಟ್ಲು, ಬೇಗ ಕೊಡಪ್ಪ" ಅಂತ ಅತ್ತುಕೊಂಡೇ ತಂದಿದ್ದರಂತೆ. ಎರಡನೇ ಸಲವೂ ಬದಲಾಯಿಸಲು ಹೋದಾಗ ಅಂಗಡಿಯವನು ರೇಗಿದನಂತೆ. "ಏನಮ್ಮಾ, ಸಾವಿಗೆ ಅಂತ ತಗೊಂಡೋದ ಸೀರೆ ಯಾರಾದ್ರೂ ವಾಪಸ್ ತತ್ತಾರಾ? ಬಣ್ಣ ಸರಿ ಇಲ್ಲ ಅಂದ್ರಿ, ಈಗ ಅಂಚು ಸರಿ ಇಲ್ಲ ಅಂತೀರಿ. ಅದ್ಯಾರಮ್ಮ ಅಷ್ಟೊಂದು ಕೊಂಕು ತೆಗಿಯೋರು?"

ಚಿಕ್ಕತ್ತೆ ಅಳುತ್ತಾ, ನಗುತ್ತಾ ನನ್ನ ಕೈ ಅದುಮಿದರು.

"ನಾನೇನ್ ಮಾಡ್ಲಪ್ಪ, ಸತ್ತೋಳೇ ಒಪ್ತಾ ಇಲ್ಲ ಅಂದೆ ಕಣಮ್ಮಿ."