ಶಫ್ನೀರ್ ಮೇಷ್ಟ್ರ ವಂಶವೃಕ್ಷ

ಕಡಲಾಚೆಯ ಪರಿಯಾಮನ್ ಊರಿನ ಶಾಲೆಯಲ್ಲಿ ಅಂದು ಬೆಳಿಗ್ಗೆ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ತೆಂಗಿನಕಾಯಿ ಕೀಳೋ ಕೋತಿ ನಮ್ಮ ತಾತಾನಾ?" ಎಂದು ಕೇಳದೇ ಇದ್ದಿದ್ದರೆ, ಶಫ್ನೀರ್ ಮೇಷ್ಟ್ರ ನಿಶ್ಚಿತಾರ್ಥ ಅದೇ ಸಂಜೆ ಸಾಂಗವಾಗಿ ನೆರವೇರುತ್ತಿತ್ತು.

ಬೇರೆ ಶಿಕ್ಷಕರಾಗಿದ್ದರೆ "ಕೂತ್ಕೊಳೇ" ಎಂದು ಗದರಿಬಿಡುತ್ತಿದ್ದರು. ಅಂಥವರಿಂದಲೇ ಅಲ್ಲವೇ ಶಾಲೆಗಳು ಈ ಗತಿಗೆ ಬಂದಿರುವುದು! ಶಫ್ನೀರ್ ಮಾತ್ರ, "ತಾತ ಅಲ್ಲಮ್ಮಾ, ದೂರದ ನೆಂಟ. ಒರಾಂಗುಟಾನ್ ಇನ್ನೂ ಹತ್ತಿರದ ನೆಂಟ" ಎಂದು ನಿಷ್ಠೆಯಿಂದ ಉತ್ತರಿಸಿದರು.

ಮಧ್ಯಾಹ್ನದ ಹೊತ್ತಿಗೆ ಆ ಉತ್ತರ ಜಸ್ರಿಲನ ಕಾಫಿ ಅಂಗಡಿಯನ್ನು ತಲುಪಿ, ಎಣ್ಣೆಗೆ ಬಿದ್ದ ಸಂಡಿಗೆಯಂತೆ ಉಬ್ಬಿತ್ತು: ಮೇಷ್ಟ್ರು ಹೆಣ್ಣಿನ ಮನೆಯವರನ್ನೆಲ್ಲ ಕೋತಿಗಳೆಂದರಂತೆ!

"ಮೇಷ್ಟ್ರೇ, ಸಂಜೆ ಉಂಗುರ ಬೀಳೋವರೆಗೂ ಕೋತಿ ಕೋತಿಯಾಗೇ ಇರ್ಲಿ. ಆಮೇಲೆ ಬೇಕಾದ್ರೆ ನೆಂಟಸ್ತನ ಬೆಳೆಸಿ," ಎಂದು ಜಸ್ರಿಲ್ ಬೇಡಿಕೊಂಡ. "ರೋಸ್ನಿತಾಗೋಸ್ಕರ ಆರು ವರ್ಷ ಕಾದಿದ್ದೀರಿ!"

"ಸತ್ಯಕ್ಕೆ ಅರ್ಧ ದಿನ ರಜೆ ಕೊಡೋಕೆ ನಾನ್ಯಾರಯ್ಯ?" ಎಂದ ಮೇಷ್ಟ್ರು ಹೊಸ ಸಾರೊಂಗ್ ಉಟ್ಟು, ಕರಿಟೋಪಿ ಧರಿಸಿ ಹೊರಟೇಬಿಟ್ಟರು.

ರೋಸ್ನಿತಾಳ ಮನೆಯಲ್ಲಿ ಕುಲದ ಯಜಮಾನರೂ ಆದ ಅವಳ ಸೋದರಮಾವ ದಾತುಕ್ ಮರಾಜೊ ಅವರದೇ ಕೊನೆಯ ಮಾತು; ಅಲ್ಲಿಯ ಪದ್ಧತಿಯಂತೆ ಗಂಡಿಗೆ ಉಂಗುರ ತೊಡಿಸುವವರೂ ಅವರೇ. ಅವರು ತಮ್ಮ ಕಾಯಿ ಕೀಳುವ ಕೋತಿಯೊಂದಿಗೆ ಜಗುಲಿಯಲ್ಲಿ ಕಾದು ಕುಳಿತಿದ್ದರು. ನೆರೆಹೊರೆಯೆಲ್ಲ ನೆರೆದಿತ್ತು.

"ಬನ್ನಿ, ನಿಮ್ಮ ನೆಂಟನ ಪಕ್ಕ ಕೂತ್ಕೊಳ್ಳಿ," ಎಂದರು ದಾತುಕ್. "ಆ ಮಾತು ವಾಪಸ್ ತಗೊಂಡ್ರೆ ಉಂಗುರ. ಇಲ್ಲಾ, ಬಂದ ದಾರೀಲೇ ಹೊರಡಿ."

"ಮೊದಲು ತಿಳ್ಕೊಳ್ಳಿ, ಆಮೇಲೆ ಹೊರಡಿಸಿ!"

ವಂಶ ವಿವರಿಸಲು ಕವಲೊಡೆದ ಮರವನ್ನು ತೋರಿಸೋಣವೆಂದರೆ ಸುತ್ತಲೂ ಕವಲೇ ಇಲ್ಲದ ತೆಂಗು. ಕೊನೆಗೆ ಮೇಷ್ಟ್ರು ಅಂಗಳದ ದುರಿಯನ್ ಮರವನ್ನೇ ಹತ್ತಿದರು. ಸಾರೊಂಗ್ ಪರ್ರನೆ ಹರಿಯಿತು. ಹಿಂದೆಯೇ ಹತ್ತಿದ ಕೋತಿ ಟೋಪಿ ಕಸಿದು ತನ್ನ ತಲೆಗಿಟ್ಟುಕೊಂಡಿತು.

"ಇಬ್ಬರಲ್ಲಿ ಮದುಮಗ ಯಾರ್ರೀ?" ಎಂದು ಯಾರೋ ಕೂಗಿದರು.

ಮೇಷ್ಟ್ರು ಜಗ್ಗಲಿಲ್ಲ. "ಈ ಕೆಳಗಿನ ಕೊಂಬೆ ಬಾಲದ ಕೋತಿಗಳದು. ಅದರ ಮೇಲೆ ಬಾಲವಿಲ್ಲದ ವಾನರಗಳು. ಇದು ಒರಾಂಗುಟಾನ್, ಇದು ಗೊರಿಲ್ಲಾ, ಇದು ಚಿಂಪಾಂಜಿ, ಅದರ ಮಗ್ಗುಲಿನ ರೆಂಬೆ ನಾವು! ಒಂದು ಕೊಂಬೆ ಇನ್ನೊಂದರ ತಾತ ಅಲ್ಲ. ಕಾಂಡ ಮಾತ್ರ ಒಂದೇ!"

ಕೆಳಗಿಳಿದ ಕೋತಿಯ ಕೈಯನ್ನು ದಾತುಕ್ ತಮ್ಮ ಕೈಯ ಪಕ್ಕದಲ್ಲಿಟ್ಟು, ಉಗುರು, ಬೆರಳು, ಅಂಗೈಗೆರೆಗಳನ್ನು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಮೂಲದಲ್ಲಿ ತಾಯಿ ಒಬ್ಬಳೇನಾ?"

"ತಾಯಿಯಿಂದ ತಾಯಿಗೆ ಎಣಿಸ್ತಾ ಹೋದ್ರೆ ಒಬ್ಬಳೇ! ನಿಮಗೂ, ನನಗೂ, ರೋಸ್ನಿತಾಗೂ!"

"ಸರಿ. ಒಪ್ಪಿದೆ."

ಮೇಷ್ಟ್ರು ಗೆಲುವಿನಿಂದ ಕೆಳಕ್ಕೆ ಜಿಗಿದು ಬೆರಳು ಚಾಚಿದರು. ದಾತುಕ್ ಉಂಗುರವನ್ನು ಡಬ್ಬಿಗೆ ಹಾಕಿ ಮುಚ್ಚಿದರು.

"ನಮ್ಮಲ್ಲಿ ಕುಲ ಬರೋದು ತಾಯಿಯಿಂದ. ತಾಯಿ ಒಬ್ಬಳೇ ಅಂದ್ಮೇಲೆ ಕುಲಾನೂ ಒಂದೇ. ಒಂದೇ ಕುಲದೊಳಗೆ ಮದುವೆ ಮಾಡೋ ಹಾಗಿಲ್ಲ."

"ಅಯ್ಯೋ, ಹಾಗಾದ್ರೆ ನನ್ನ ಹೆಂಡ್ತಿ?" ಗುಂಪಿನಲ್ಲಿದ್ದ ಜಸ್ರಿಲ್ ಕಂಗಾಲಾದ.

"ಆಗಿದ್ದು ಆಗ್ಹೋಯ್ತು. ಗೊತ್ತಾದ್ಮೇಲೆ ಮಾಡೋಕಾಗಲ್ಲ. ಮೇಷ್ಟ್ರೇ, ಹೇಳಿದ್ದು ಸುಳ್ಳು ಅನ್ನಿ, ಈಗಲೇ ಉಂಗುರ ತೊಡಿಸ್ತೀನಿ."

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಬಾಗಿಲಲ್ಲಿದ್ದ ರೋಸ್ನಿತಾ ಅವರ ಮುಖವನ್ನೇ ನೋಡುತ್ತ ನಿಂತಳು. ಆ ಬಾಯಿ ಮತ್ತೆ ತೆರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ತಟ್ಟೆ ಹಿಡಿದು ಮುಂದೆ ಬಂದಳು.

"ಕಾಫಿ ತಗೋ, ಅಣ್ಣಾ."