ಮಾಸಿ ತಿಂಗಳ ಹಸ್ತ ನಕ್ಷತ್ರ

ಬಟ್ಟಲಿನ ಎಳ್ಳೆಣ್ಣೆಯ ತಳದಲ್ಲಿ ಮೆಣಸಿನ ಕಾಳುಗಳು ಉಬ್ಬಿ ಕೂತಿದ್ದವು. ಪಕ್ಕದಲ್ಲಿ ಒಂದು ಮಣೆ. ಮಣೆಯ ಮೇಲೆ ಕೂರಬೇಕಾದವಳು ನಾನು. ಏಕೆ ಕೂರಲಾರೆ ಎಂಬ ಮಾತು ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಕಡಿಮೆ ಮಾತಾಡುವವರನ್ನು ಜನ ಗಂಭೀರರೆಂದು ಗೌರವಿಸುತ್ತಾರೆ. ಅದರ ಫಜೀತಿ ನಮಗೇ ಗೊತ್ತು.

ಮೈಸೂರಿನಲ್ಲಿ ಬಿ.ಎ. ಮುಗಿಸಿ ಉಪಾಧ್ಯಾಯರ ತರಬೇತಿಗೆಂದು ಕೊಯಮತ್ತೂರಿಗೆ ಹೊರಟಾಗ, ಬಂಧುಗಳು ನನ್ನನ್ನು ಸಮುದ್ರ ದಾಟುವವಳಂತೆ ಬೀಳ್ಕೊಟ್ಟರು. ಸಂಸ್ಥಾನದ ಗಡಿಯಾಚೆಯದೆಲ್ಲ ಅವರ ಪಾಲಿಗೆ ಪರದೇಶವೇ. ನಾನು ಇಳಿದುಕೊಂಡದ್ದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆಯಲ್ಲಿ. ನೆಂಟರಲ್ಲದಿದ್ದರೂ ಯಜಮಾನರನ್ನು ರಾಮಲಿಂಗ ಮಾವ, ಅವರ ಹೆಂಡತಿಯನ್ನು ಸೌಡಮ್ಮತ್ತೆ ಎನ್ನುತ್ತಿದ್ದೆ. ಅವರ ಕನ್ನಡ ನನಗೆ ತಮಿಳಿನಂತೆ ಕೇಳಿಸುತ್ತಿತ್ತು. ನನ್ನದು ಅವರಿಗೆ ಪುರಾಣ ಓದಿದಂತೆ. ಬಂದ ಹೊಸತರಲ್ಲಿ ಅತ್ತೆ ದೇವಸ್ಥಾನದಲ್ಲಿ ನನ್ನ ಹೆಸರಿಗೆ ಅರ್ಚನೆ ಮಾಡಿಸಿದ್ದರು. ನಕ್ಷತ್ರ ಕೇಳಿದಾಗ ಹಸ್ತ ಎಂದಿದ್ದೆ. ಹುಟ್ಟಿದ್ದು ಶಿವರಾತ್ರಿಯ ಸುಮಾರಿಗೆ ಎಂದೂ ಯಾವಾಗಲೋ ಹೇಳಿರಬೇಕು.

ದಸರಾ ರಜೆಗೆ ಊರಿಗೆ ಹೋದೆ. ಆಗ ಅಮ್ಮ ತೀರಿಕೊಂಡಳು. ಹಿಂದಿರುಗಿ ಬಾಗಿಲಲ್ಲಿ ಗಂಟು ಇಳಿಸುವಾಗ, ನನ್ನನ್ನು ಕಣ್ಣು ಎಂದೇ ಮುದ್ದಿಸುವ ಅತ್ತೆ, "ಅಮ್ಮ ಸೌಕ್ಯವಾ ಕಣ್ಣು?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಹೌದೆಂದು ತಿಳಿದರು. ನಾಳೆ ಹೇಳೋಣ ಎಂದುಕೊಂಡೆ. ಆದರೆ ಅತ್ತೆಗೆ ಅಮ್ಮನ ಭಯ ಬಹಳ. ನಾನು ಕಡಿಮೆ ಉಂಡರೆ, "ನಿಮ್ಮಮ್ಮನಿಗೆ ನಾನೇನು ಬದಿಲು ಹೇಳಲಿ?" ಎನ್ನುವರು. ಲೋಕದಲ್ಲಿ ಆ ಒಂದು ಮನೆಯಲ್ಲಿ ಅಮ್ಮ ಇನ್ನೂ ಬದುಕಿದ್ದಳು, ನನ್ನ ಊಟದ ಚಿಂತೆ ಮಾಡುತ್ತಿದ್ದಳು. ಅವಳನ್ನು ಅಲ್ಲಿಂದಲೂ ಕಳಿಸಿಕೊಡಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಶಿವರಾತ್ರಿ ಬರುವ ತಮಿಳರ ಮಾಸಿ ತಿಂಗಳು ಬಂತು. ಇಲ್ಲಿಯವರಿಗೆ ತಾರೀಖು ಬೇಡ. ಹುಟ್ಟಿದ ತಿಂಗಳಲ್ಲಿ ಹುಟ್ಟಿದ ನಕ್ಷತ್ರ ಬಂದ ದಿನವೇ ಹುಟ್ಟುಹಬ್ಬ. ಎಣ್ಣೆನೀರು, ಪಾಯಸ, ಮೂಲೆಗೆ ಅರಿಶಿನ ಹಚ್ಚಿದ ಹೊಸ ಸೀರೆ. ಸೀರೆಯನ್ನು ಮಾವನೇ ನೇಯ್ದಿದ್ದರು. ತಾಯಿ ಸತ್ತು ವರ್ಷ ತುಂಬುವವರೆಗೆ ನಮ್ಮಲ್ಲಿ ಇದಾವುದೂ ಕೂಡದು.

"ತಲೆನೋವು, ಅತ್ತೆ," ಎಂದೆ.

"ತಲೆವಲಿಗೇ ಎಣ್ಣೆ."

"ನೆಗಡಿ ಬೇರೆ."

"ನೆಗಡಿಗೇ ಮೆಣಸು ಹಾಕಿರೋದು. ಕೂರು ಕಣ್ಣು."

ಮಾವ ಮಗ್ಗದ ಗುಂಡಿಯಿಂದಲೇ, "ಬಿ.ಎ. ಓದಿದ ತಲೆ. ಎಣ್ಣೆ ಹಚ್ಚಿದರೆ ಓದಿದ್ದೆಲ್ಲಾ ಜಾರಿ ಹೋಗುತ್ತೇನೋ, ಬಿಡು," ಎಂದರು.

ಅತ್ತೆಯ ಮುಖ ಸಣ್ಣಗಾಯಿತು. "ನಾವು ನೇಯ್ದ ಸೀಲೆ ಮೈಸೂರವರಿಗೆ ಹಿಡಿಸಲಿಲ್ಲವಾ? ನಿಮ್ಮಮ್ಮ ಬಂದಿದ್ದರೆ ಎಳಕೊಂಡು ಬಂದು ಕೂರಿಸ್ತಿದ್ದರು."

"ಅಮ್ಮ ದಸರೆಯಲ್ಲೇ ತೀರಿಕೊಂಡರು," ಎಂದೆ.

ಮಗ್ಗ ನಿಂತಿತು. ಅತ್ತೆ ಎಣ್ಣೆಗೈಯಲ್ಲಿ ನಿಂತೇ ಬೈದರು. "ಇಷ್ಟು ದಿನ ನಮ್ಮ ಮನೆ ಅನ್ನ ತಿಂದೆ. ಅಳೋದಿಕ್ಕೆ ಮಾತ್ರ ನಾವು ಆಗಲಿಲ್ಲವಾ?"

ಮಾವ ಗುಂಡಿಯಿಂದ ಮೇಲೆ ಬಂದರು. "ಅರಿಶಿನ ತೊಳೆ," ಎಂದು ಹೆಂಡತಿಗೆ ಹೇಳಿದರು. "ತಾಯಿ ಹೋದ ಮಗಳಿಗೆ ನೆಂಟರು ಕೋಡಿ ಸೀಲೆ ಹಾಕಬೇಕು. ನಾವೇ ತಡ ಮಾಡಿದೆವು." ಸಾವಿನ ಮನೆಗೆ ಒಯ್ಯುವ ಹೊಸ ಬಟ್ಟೆಯೇ ಕೋಡಿ; ಅದಕ್ಕೆ ಅರಿಶಿನ ಇರಕೂಡದು. ಅತ್ತೆ ಬಾವಿಕಟ್ಟೆಯಲ್ಲಿ ಕೂತು ಆ ಮೂಲೆಯನ್ನು ಉಜ್ಜಿದರು, ಉಜ್ಜಿದರು; ಹಳದಿ ಪೂರ್ತಿ ಬಿಡಲಿಲ್ಲ. ಕೊನೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು, ಕಂಡೇ ಇರದ ಹೆಂಗಸಿಗಾಗಿ ಅಳತೊಡಗಿದರು. ಮಗಳಾದ ನಾನು ಒಣಗಣ್ಣಿನಿಂದ ಅವರನ್ನು ಸಮಾಧಾನ ಮಾಡುತ್ತ ನಿಂತೆ.

ಮರುದಿನ ಬೆಳಿಗ್ಗೆ ಆ ಸೀರೆ ಉಟ್ಟು, ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂತೆ. ಅಮ್ಮನ ಸಾರಿಗೆ ಯಾವಾಗಲೂ ಉಪ್ಪು ಹೆಚ್ಚಾಗುತ್ತಿತ್ತು ಎಂಬಲ್ಲಿಂದ ಶುರುಮಾಡಿದೆ. ಅವಳ ಕೋಪ, ಅವಳ ನಗು, ಕೊನೆಯ ದಿನ ಅವಳು ಕೇಳಿದ ನೀರು, ಎಲ್ಲ ಬಂತು. ಜೊತೆಗೆ ಅಳುವೂ ಬಂತು. "ಹೊತ್ತಾತು, ಓಡು ಕಣ್ಣು, ಮಿಕ್ಕದ್ದು ಸಾಯಂಕಾಲ," ಎಂದು ಅತ್ತೆಯೇ ನನ್ನ ಬಾಯಿ ಮುಚ್ಚಿಸಿ ಕಾಲೇಜಿಗೆ ಅಟ್ಟಬೇಕಾಯಿತು.