ಚೀನದಯ್ಯನ ಕಾವಲು

ಚಿಕ್ಕಮಾದನ ತೊಂದರೆಗೆಲ್ಲ ಮೂಲ ಒಂದು ಅಂಗಿ. ತಾಳವಾಡಿ ಸಂತೆಯಲ್ಲಿ ನೆಲಕ್ಕೆ ಸುರಿದ ಹಳೇ ಬಟ್ಟೆ ರಾಶಿಯೊಳಗೆ ಕೈಯಾಡಿಸುತ್ತಿದ್ದಾಗ ಅದು ತಾನಾಗಿ ಅವನ ಕೈಗೆ ಬಂತು. ಗಿಳಿ ಹಸಿರು ಬಣ್ಣ, ಉದ್ದ ತೋಳು, ಬೆನ್ನ ಮೇಲೆ ಇಪ್ಪತ್ತೆರಡು ಎಂಬ ಅಂಕಿ, ಅಂಕಿಯ ಮೇಲೆ ಮುರುಕು ಕಡ್ಡಿ ಜೋಡಿಸಿಟ್ಟಂಥ ಯಾವುದೋ ಬರಹ. ಅವನು ಕೊಂಡದ್ದು ತನಗಲ್ಲ, ಹಂದಿ ಬೆದರಿಸಲು ಹೊಲದಲ್ಲಿ ನಿಲ್ಲಿಸುವ ಬೆರ್ಚಪ್ಪನಿಗೆ.

ತನ್ನೂರು ತಿಗನಾರೆಯಲ್ಲಿ ಕಾಡಿಗೆ ಅಂಟಿಕೊಂಡಂತೆ ಅವನಿಗೆ ಮುಕ್ಕಾಲು ಎಕರೆ ಮುಸುಕಿನ ಜೋಳವಿತ್ತು. ತೆನೆ ಮೂಡಿದ ದಿನದಿಂದ ನಲವತ್ತು ರಾತ್ರಿ ಅವನು ಮರದ ಮೇಲಿನ ಅಟ್ಟಣೆಯಲ್ಲಿ ಕೂತು, ತಗಡು ಬಡಿದು ಕಾಡುಹಂದಿ ಓಡಿಸಿದ್ದ. ಹಗಲು ಕೂಲಿಗೆ ಹೋದಲ್ಲಿ ನಿಂತ ನಿಲುವಿನಲ್ಲೇ ತೂಕಡಿಸಿ ಬೈಸಿಕೊಂಡಿದ್ದ. ಕೊಯ್ಲಿಗೆ ಇನ್ನೂ ಹದಿನಾರು ದಿನವಿತ್ತು. ಅಷ್ಟು ದಿನ ಮನೆಯಲ್ಲಿ ಕಾಲು ಚಾಚಿ ಮಲಗಬೇಕು ಎನ್ನುವುದೊಂದೇ ಅವನ ಆಸೆ. ಅದಕ್ಕೆಂದೇ ಎರಡು ಬಿದಿರ ಗಳು ಅಡ್ಡಡ್ಡ ಕಟ್ಟಿ, ಮೇಲೆ ಮಸಿ ಮಡಕೆ ಕವುಚಿ, ಸುಣ್ಣದಲ್ಲಿ ಕಣ್ಣು ಬರೆದು, ಅಂಗಿ ತೊಡಿಸಿ ಹೊಲದ ನಡುವೆ ನಿಲ್ಲಿಸಿದ.

ನಾಲ್ಕು ರಾತ್ರಿ ಒಂದು ಹಂದಿಯೂ ಜೋಳ ಮುಟ್ಟಲಿಲ್ಲ. ಚಿಕ್ಕಮಾದ ತಲೆ ಕೆಳಗಿಟ್ಟದ್ದೊಂದು ಗೊತ್ತು, ಬೆಳಗಾದದ್ದೊಂದು ಗೊತ್ತು. ಎದ್ದಾಗ ಮಾತ್ರ ಹೆಗಲೆರಡೂ ಸಿಡಿಯುತ್ತಿದ್ದವು. ಬಹಳ ದಿನದ ಮೇಲೆ ನೆಲದಲ್ಲಿ ಮಲಗಿದ್ದಕ್ಕಿರಬೇಕು ಎಂದುಕೊಂಡ.

ಐದನೆಯ ಬೆಳಗ್ಗೆ ಮಂಜು ಹೊಲದ ಮೇಲೆ ಕೂತಿತ್ತು. ನಡುವೆ ಇರಬೇಕಾದ ಬೆರ್ಚಪ್ಪ ಅಲ್ಲಿರಲಿಲ್ಲ. ಚಿಕ್ಕಮಾದ ಜೋಳದ ಗರಿ ಸರಿಸಿಕೊಂಡು ಹುಡುಕಿದ. ಇಪ್ಪತ್ತು ಹೆಜ್ಜೆ ಆಚೆ, ಹಂದಿ ನುಗ್ಗುವ ಬೇಲಿ ಕಿಂಡಿಯ ಎದುರಿಗೆ ಅದು ಕೈ ಚಾಚಿ, ಕಾಡಿಗೆ ಮುಖ ಮಾಡಿ ನಿಂತಿತ್ತು. ಹಂದಿಯ ಗೊರಸಿನ ಗುರುತುಗಳು ಅಲ್ಲಿವರೆಗೆ ಬಂದು, ಗಕ್ಕನೆ ತಿರುಗಿ ಪಕ್ಕದ ಹೊಲಕ್ಕೆ ಹೋಗಿದ್ದವು.

ಪಕ್ಕದ ಹೊಲ ಪುಟ್ಟಮಲ್ಲಮ್ಮನದು. ಅವಳ ಎರಡೆಕರೆ ಜೋಳದಲ್ಲಿ ಅರ್ಧವನ್ನು ಹಂದಿಗಳು ಉತ್ತು ಹಾಕಿದ್ದವು. ನಿನ್ನ ಬೆರ್ಚಪ್ಪ ಓಡಿಸಿದ್ದೆಲ್ಲ ನನ್ನ ಹೊಲಕ್ಕೇ ಬಿದ್ದಿವೆ ಎಂದು ಬೈಯುತ್ತಲೇ ಅವಳು ಬೇಲಿ ದಾಟಿ ಬಂದು, ಕಿತ್ತೆಸೆಯುವ ಹಾಗೆ ಅಂಗಿಗೆ ಕೈ ಹಾಕಿದಳು. ಹಾಕಿದವಳು ಬಿಟ್ಟಳು. ಕಂಕುಳ ಹತ್ತಿರ ಮೂಗಿಟ್ಟು ನೋಡಿದಳು.

"ಲೇ ಮಾದ, ಇವ್ನು ಬೆವ್ತವ್ನ ಕಣ್ಲಾ."

"ಇಬ್ಬನಿ ಇರ್ಬೇಕು, ಅವ್ವೋರೇ."

"ಇಬ್ಬನಿ ನಾತ ನಂಗ ಗೊತ್ತಿಲ್ವಾ? ಇದು ಮನ್ಸನ ಬೆವರು."

ಅವಳ ಕಣ್ಣು ಕೆಳಗಿಳಿಯಿತು. ಗಳುವಿನ ಬುಡದಲ್ಲಿ ಎರಡು ಬರಿಗಾಲ ಹೆಜ್ಜೆ ಜೋಡಿಯಾಗಿ ಮೂಡಿದ್ದವು. ಇಡೀ ರಾತ್ರಿ ಒಂದೇ ಕಡೆ ನಿಂತವರ ಹೆಜ್ಜೆಯಂತೆ ಆಳವಾಗಿದ್ದವು.

ಅರ್ಧ ಗಂಟೆಯಲ್ಲಿ ಸುತ್ತಲ ಹೊಲದವರೆಲ್ಲ ಬದುವಿನ ಮೇಲೆ ಸೇರಿದರು. ಮಾದಪ್ಪನ ಗುಡಿಯಲ್ಲಿ ಪೂಜೆ ಮಾಡುವ ಯಜಮಾನ ನಂಜಪ್ಪ ಬಂದ. ತಾಳವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಪುಟ್ಟಮಲ್ಲಮ್ಮನ ಮಗ ಮಹದೇವಪ್ರಸಾದ್ ಅಂಗಡಿ ತೆರೆಯುವುದು ಬಿಟ್ಟು ಬಂದ. ಅವನು ಫೋನನ್ನು ಬೆರ್ಚಪ್ಪನ ಬೆನ್ನಿಗೆ ಹಿಡಿದ. ಫೋನಿನ ಪರದೆಯಲ್ಲಿ ಕಡ್ಡಿ ಬರಹ ಕರಗಿ ಓದಬಲ್ಲ ಅಕ್ಷರವಾಯಿತು. ಪಾನ್ ಲೀಹೋ, ಚೀನಾ ದೇಶದವನ ಹೆಸರು.

ಬದುವಿನ ದೊಡ್ಡ ಕಲ್ಲು ಹತ್ತಿದರೆ ಮಾತ್ರ ಅಲ್ಲಿ ಸಿಗ್ನಲ್ಲು. ಪ್ರಸಾದ್ ಕಲ್ಲು ಹತ್ತಿ ನಿಂತು, ಪುರಾಣ ಓದುವವನಂತೆ ಓದತೊಡಗಿದ. ಈತ ಫುಟ್‌ಬಾಲ್ ಆಟದ ಗೋಲ್ ಕೀಪರ್, ಅಂದರೆ ಚೆಂಡು ಒಳಗೆ ನುಗ್ಗದ ಹಾಗೆ ಕೈ ಚಾಚಿ ಕಾಯುವವನು ಎಂದು ಬಿಡಿಸಿ ಹೇಳಿದ. ಎಲ್ಲರೂ ಬೆರ್ಚಪ್ಪನ ಚಾಚಿದ ಕೈ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಹದಿನೇಳನೆಯ ವಯಸ್ಸಿಗೆ ಕ್ಲಬ್ಬು ಸೇರಿದವನು ಹನ್ನೆರಡು ವರ್ಷದಲ್ಲಿ ಐದು ಕ್ಲಬ್ಬು ಕಂಡಿದ್ದ. ಅದರಲ್ಲಿ ಮೂರು ಕಡೆ ಎರವಲು ಹೋಗಿದ್ದ. ಅಷ್ಟಾದರೂ ಆಡಿದ್ದು ಬರೀ ಒಂಬತ್ತು ಆಟ. ಉಳಿದ ಕಾಲವೆಲ್ಲ ಬದಲಿ ಆಟಗಾರನಾಗಿ ಗೆರೆಯಾಚೆ ಬೆಂಚಿನ ಮೇಲೆ ಕೂತದ್ದೇ ಆಯಿತು.

"ಒಂಬತ್ತು ಆಟದಲ್ಲೂ ಒಂದ್ ಗೋಲೂ ಒಳಕ್ಕ ಬುಟ್ಟಿಲ್ಲ" ಎಂದ ಪ್ರಸಾದ್.

ಚಿಕ್ಕಮಾದ ಹತ್ತನೆಯ ವಯಸ್ಸಿನಿಂದ ಊರವರ ಹೊಲ ಕಾದವನು. ಹಂದಿ ಬಂದ ದಿನ ಎಲ್ಲರೂ ಬೈದಿದ್ದರು, ಬಾರದ ದಿನ ಒಬ್ಬರೂ ಭೇಷ್ ಎಂದಿರಲಿಲ್ಲ. ಮುಖ ಕಾಣದ ಆ ಚೀನಾದವನು ಅವನಿಗೆ ದಾಯಾದಿಗಳಿಗಿಂತ ಹತ್ತಿರದವನೆನಿಸಿದ.

ಈಗ ಆತ ಎಲ್ಲಿದ್ದಾನಂತೆ ಎಂದು ನಂಜಪ್ಪ ಕೇಳಿದ. ಪ್ರಸಾದ್ ಬೆರಳಾಡಿಸಿದ. ಮೇಲಕ್ಕೆ ಹೋದ, ಕೆಳಕ್ಕೆ ಬಂದ. ಎರಡು ಸಾವಿರದ ಹತ್ತೊಂಬತ್ತರ ಆಟಕ್ಕೆ ಬರಹ ನಿಂತುಹೋಗಿತ್ತು.

"ಮುಂದಕ್ಕ ಏನೂ ಬರ್ದಿಲ್ಲ."

"ಸತ್ತ ಅಂತಾನಾ?"

"ಅದೂ ಬರ್ದಿಲ್ಲ."

ಕಾಡಿನ ಕಡೆಯಿಂದ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಎಲ್ಲರ ಕಣ್ಣೂ ಮಸಿ ಮಡಕೆಯ ಕಡೆ ತಿರುಗಿತು.

ಚೀನಾದವರು ಬೂಟು ಹಾಕಿಕೊಂಡು ಆಡುತ್ತಾರೆ, ಇಲ್ಲಿರುವುದು ಬರಿಗಾಲ ಹೆಜ್ಜೆ ಎಂದು ಪ್ರಸಾದ್ ಸಣ್ಣಗೆ ತಕರಾರು ತೆಗೆದ. ಸತ್ತವರಿಗೆ ಬೂಟು ಎಲ್ಲಿಂದ ಬರುತ್ತದೆ ಎಂದು ನಂಜಪ್ಪ ಅವನ ಬಾಯಿ ಮುಚ್ಚಿಸಿ, ಹೊತ್ತು ಇಳಿಯುವುದರೊಳಗೆ ಅಂಗಿ ಸುಟ್ಟು ಬೂದಿಯನ್ನು ಹಳ್ಳಕ್ಕೆ ಬಿಡಬೇಕೆಂದು ತೀರ್ಪು ಕೊಟ್ಟ.

ಚಿಕ್ಕಮಾದ ಅಂಗಿಗೆ ಅಡ್ಡ ನಿಂತ. ಸುಟ್ಟರೆ ಮತ್ತೆ ಅಟ್ಟಣೆ, ಮತ್ತೆ ತಗಡು. ಇನ್ನು ಹನ್ನೆರಡು ರಾತ್ರಿ ಎದ್ದಿದ್ದರೆ ತಾನೇ ಬೆರ್ಚಪ್ಪನಾಗಿ ಹೋಗುತ್ತೇನೆ ಎಂದು ಕೈ ಮುಗಿದು ಬೇಡಿಕೊಂಡ.

ಈ ಹೊತ್ತಿಗೆ ಪುಟ್ಟಮಲ್ಲಮ್ಮ ಬೇರೇನನ್ನೋ ಯೋಚಿಸುತ್ತಿದ್ದಳು. ಎರವಲು ಎಂದರೇನು ಎಂದು ಮಗನನ್ನು ಕೇಳಿದಳು. ಒಂದು ಕ್ಲಬ್ಬಿನವರು ತಮ್ಮ ಆಟಗಾರನನ್ನು ಇಷ್ಟು ದಿನ ಎಂದು ಇನ್ನೊಂದು ಕ್ಲಬ್ಬಿಗೆ ಕಳಿಸಿಕೊಡುತ್ತಾರೆ, ಅಲ್ಲೂ ಆತ ಹಾಗೆಯೇ ಕಾಯಬೇಕು ಎಂದು ಪ್ರಸಾದ್ ಹೇಳಿದ.

"ಅಂಗಂದ್ರ ಸುಡೋದ್ಯಾಕ? ಒಂದಿನ ನಮ್ಗೂ ಕೊಡ್ಲಿ" ಎಂದಳು.

ಮಾತು ಬಿದ್ದದ್ದೇ ತಡ, ಅಲ್ಲಿದ್ದವರಿಗೆಲ್ಲ ತಂತಮ್ಮ ಹೊಲದ ನೆನಪಾಯಿತು. ನಂಜಪ್ಪನಿಗೂ ತನ್ನ ರಾಗಿ ನೆನಪಾಗಿ, ದೆವ್ವವಾದರೂ ನಿಯತ್ತಿನ ದೆವ್ವ ಎಂದು ತೀರ್ಪು ತಿದ್ದಿಕೊಂಡ. ಚಿಕ್ಕಮಾದನದೂ ಸೇರಿ ಹನ್ನೆರಡು ಹೊಲ, ಹನ್ನೆರಡು ರಾತ್ರಿ, ಒಂದೊಂದು ಹೊಲಕ್ಕೆ ಒಂದೊಂದು ಪಾಳಿ. ಮೊದಲ ಪಾಳಿ ಪುಟ್ಟಮಲ್ಲಮ್ಮನದು. ಆ ಚೀನಾದವನ ಹೆಸರನ್ನು ಹೇಗೆ ಹೇಳಿದರೆ ತಪ್ಪಾಗುವುದೋ ಎಂದು ಹೆದರಿ ಎಲ್ಲರೂ ಚೀನದಯ್ಯ ಎಂದು ಕರೆಯತೊಡಗಿದ್ದರು.

ಹೊಲದವರೆಲ್ಲ ತನ್ನನ್ನು ಕೇಳಿಕೊಳ್ಳುತ್ತಿರುವುದು ಚಿಕ್ಕಮಾದನಿಗೆ ಜನ್ಮದಲ್ಲಿ ಅದೇ ಮೊದಲು. ಒಮ್ಮೆ ಹೆದರಿ ಓಡಿದ ಹೊಲಕ್ಕೆ ಹಂದಿ ಮತ್ತೆ ಬಾರದು ಎಂದುಕೊಂಡು ಅವನು ಎದೆಯುಬ್ಬಿಸಿ ಒಪ್ಪಿದ. ನಾಳೆ ಮಾತು ತಿರುಗಿಸಬಾರದೆಂದು ನಂಜಪ್ಪ ಕರ್ಪೂರ ಹಚ್ಚಿದ. ಚಿಕ್ಕಮಾದ ಉರಿಯ ಮೇಲೆ ಕೈ ಹಿಡಿದು, ಕೊಯ್ಲು ಮುಗಿಯುವವರೆಗೆ ಪಾಳಿ ತಪ್ಪದ ಹಾಗೆ ಚೀನದಯ್ಯ ಬಂದು ನಿಲ್ಲುತ್ತಾನೆ, ತಪ್ಪಿದರೆ ಮಾದಪ್ಪ ನನ್ನನ್ನು ನೋಡಿಕೊಳ್ಳಲಿ ಎಂದು ಆಣೆ ಮಾಡಿದ. ನಿಲ್ಲುವವನು ತಾನಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ.

ಗಳು ಕೀಳಲು ನಾಲ್ಕು ಜನ ಕೈ ಹಾಕಿದರು. ಮುಟ್ಟಿದರೆ ಸಾಕೆನ್ನುವಂತೆ ಅದು ತಾನೇ ಎದ್ದು ಬಂತು. ಪುಟ್ಟಮಲ್ಲಮ್ಮನ ಹೊಲದಲ್ಲಿ ನೆಟ್ಟು ಎಲ್ಲರೂ ಹಿಂದಿರುಗುವಾಗ ಮಡಕೆ ಗರ್ರನೆ ಅರ್ಧ ಸುತ್ತು ತಿರುಗಿ, ಸುಣ್ಣದ ಕಣ್ಣು ಚಿಕ್ಕಮಾದನ ಮೇಲೆ ನಿಂತಿತು. ಗಾಳಿ ಎಂದ ಪ್ರಸಾದ್. ಜೋಳದ ಒಂದು ಗರಿಯೂ ಅಲುಗಾಡುತ್ತಿರಲಿಲ್ಲ.

ಚಿಕ್ಕಮಾದ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಮುದ್ದೆ ಉಂಡು ಚಾಪೆ ಹಾಸಿದ. ಹೆಂಡತಿ ಚಿಕ್ಕತಾಯಮ್ಮ ತಗಡು, ಕೋಲು, ಕಂಬಳಿ ತಂದು ಬಾಗಿಲ ಬಳಿ ಇಟ್ಟಳು.

"ಇದ್ಯಾಕ?" ಎಂದ.

"ಕಾವ್ಲಿಗ ಓಗಕಿಲ್ವಾ?"

ಅವನು ನಕ್ಕು, ನಡೆದದ್ದನ್ನೆಲ್ಲ ಹೇಳಿ, ನಾಲ್ಕು ದಿನದಿಂದ ಮನೆಯಲ್ಲೇ ಮಲಗುತ್ತಿದ್ದೇನಲ್ಲ, ಇನ್ನು ಮೇಲೂ ಹಾಗೆಯೇ ಎಂದ. ಚಿಕ್ಕತಾಯಮ್ಮ ಅವನನ್ನೇ ನೋಡಿದಳು.

"ಎಲ್ಲಿ ಮನ್ಗಿದ್ದೆ? ಮನ್ಗಿ ಒಂದ್ ಗಳ್ಗೆಗ ಎದ್ದು ಓಯ್ತೀಯ. ಕೋಳಿ ಕೂಗೋ ಒತ್ಗ ಬಂದು ಮನಿಕತೀಯ. ಮೊನ್ನ ಕಂಬ್ಳಿ ಮರ್ತೋದೆ ಅಂತ ಬೆಳ್ದಿಂಗ್ಳಲ್ಲಿ ತಕ್ಕ ಬಂದು ನೋಡ್ತೀನಿ, ಬೆರ್ಚಪ್ಪನ ಅಂಗಿ ಬಿಚ್ಚಿ ನೀನೇ ಇಕ್ಕಂಡು, ಎರ್ಡೂ ಕೈ ಚಾಚ್ಕಂಡು ಕಾಡ್ಗ ಮಖ ಮಾಡ್ಕಂಡು ನಿಂತಿದ್ದೆ. ಚಳಿಗ ಇಕ್ಕಂಡವ್ನ ಅಂತ ಸುಮ್ನ ಬಂದಿ."

ಚಿಕ್ಕಮಾದ ತನ್ನ ಕೈ ನೋಡಿಕೊಂಡ. ತೋಳುದ್ದಕ್ಕೂ ಜೋಳದ ಗರಿ ಕೊಯ್ದ ಗೀರುಗಳಿದ್ದವು. ಕಾಲ ಬೆರಳ ಸಂದಿಯಲ್ಲಿ ಬೇಲಿ ಕಿಂಡಿಯ ಕೆಂಪು ಮಣ್ಣು ಒಣಗಿ ಕೂತಿತ್ತು. ಹೆಗಲ ನೋವಿಗೆ ಈಗ ಅರ್ಥ ಸಿಕ್ಕಿತು. ಮುಕ್ಕಾಲು ಎಕರೆ ಕಾಯುತ್ತಿದ್ದವನು ಹನ್ನೆರಡು ಹೊಲ ಕಾಯುವುದಾಗಿ ಕರ್ಪೂರದ ಮೇಲೆ ಕೈಯಿಟ್ಟು ಬಂದಿದ್ದ.

"ನಾನೇನಾದ್ರೂ ಮಾತಾಡಿದ್ನಾ?" ಎಂದು ಮೆಲ್ಲಗೆ ಕೇಳಿದ.

"ಯಾರ್ನೋ ಕೂಗ್ತಿದ್ದೆ, ಆ ಕಡ ಓಗಿ, ಈ ಕಡ ಬನ್ನಿ ಅನ್ನೋ ಅಂಗ ಕೈ ಬೀಸ್ಕಂಡು. ಏನಂದ್ಯೋ ನಂಗ ತಿಳೀನಿಲ್ಲ. ಅದು ಕನ್ನಡನೂ ಅಲ್ಲ, ತಮಿಳೂ ಅಲ್ಲ."

ಅವಳು ಕಂಬಳಿಯನ್ನು ಅವನ ಹೆಗಲಿಗೆ ಹಾಕಿ, ಅಂಗಿ ಇವತ್ತು ಅವ್ವೋರ ಹೊಲದಲ್ಲಿದೆಯಂತಲ್ಲ, ದೂರವಾಗುತ್ತದೆ, ಬೇಗ ಹೊರಡು ಎಂದಳು. ಎಚ್ಚರವಿದ್ದಾಗಲೇ ಹೋದರೆ ಬಾಯಲ್ಲಿ ಕನ್ನಡವಾದರೂ ಉಳಿದೀತು ಎಂದುಕೊಂಡು ಚಿಕ್ಕಮಾದ ತಗಡು ಎತ್ತಿಕೊಂಡ.